ಚಂದ್ರಾಮಪ್ಪ ಬೇಡವೆಂದ ಇಂಜೆಕ್ಷನ್

ನೋಡಿ, ಈ ಕಥೆಯ ಶ್ರೀಮಂತ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವನು ಬೇರೆ ಯಾರೋ ಎಂದುಕೊಂಡು ನೀವು ಆರಾಮಾಗಿ ಕೂತುಬಿಡುತ್ತೀರಿ. ಚಂದ್ರಾಮಪ್ಪ ಎಂದು ಹೆಸರು. ಎಣ್ಣೆ ಮಿಲ್ಲಿನಲ್ಲಿ ದುಡಿದು ಮೇಲೆ ಬಂದವನು. ತಾಯಿಯ ಹೆಸರಲ್ಲಿ ಊರಿಗೊಂದು ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದ. ವಾರಕ್ಕೊಮ್ಮೆ ಬಂದು ಕಿಟಕಿಯ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದ.

ಒಂದು ದಿನ ಔಷಧಿ ಕಪಾಟು ತೆರೆಸಿದ. ಬಿ.ಪಿ. ಏರಿದ ಬಸುರಿಯರಿಗೆ ನರಕ್ಕೆ ಕೊಡುವ ಇಂಜೆಕ್ಷನ್ ಅಲ್ಲಿತ್ತು. ದೊಡ್ಡ ಕಂಪನಿಯದಲ್ಲ, ಜೆನೆರಿಕ್. ಬರೀ ಬಿಳಿ ಡಬ್ಬಿ.

"ಇದೇನಿದು ಅಗ್ಗದ ಮಾಲು? ನಮ್ಮವ್ವನ ಹೆಸರಿನ ದವಾಖಾನ್ಯಾಗ?"

ನರ್ಸ್ ಸುವಾರ್ತಾ ಹೇಳಿದಳು: "ಸಾವ್ಕಾರ್ರ, ಒಳಗಿನ ಔಷಧ ಒಂದ ಐತ್ರಿ. ದೊಡ್ಡ ಕಂಪನೀದು ಈಗ ಸಿಗವಲ್ದು. ಇದು ಬೇಕಂದಾಗ ಸಿಗತೈತಿ."

"ನನಗ ಕಲಿಸಬ್ಯಾಡ. ಕಳಸಿಬಿಡು."

ಡಾಕ್ಟರೂ ಅಲ್ಲೇ ಇದ್ದರು. ತಲೆ ತಗ್ಗಿಸಿದರು. ಡಬ್ಬಿಗಳು ತಾಲ್ಲೂಕು ಆಸ್ಪತ್ರೆಗೆ ಹೋದವು. ದೊಡ್ಡ ಕಂಪನಿಯ ಔಷಧಿಗೆ ಬರೆದು ಹಾಕಿದರು. ಅದು ಬರಲೇ ಇಲ್ಲ.

ಎಂಟನೆಯ ದಿನ ಮಧ್ಯಾಹ್ನ, ವೆಲ್ಡಿಂಗ್ ಅಂಗಡಿಯ ದಾದಾಪೀರ ತನ್ನ ಬಸುರಿ ಹೆಂಡತಿ ಶಮೀಮಾಳನ್ನು ಆಟೋದಲ್ಲಿ ತಂದ. ಮುಖ ಊದಿತ್ತು. "ಕಣ್ಣು ಮಂಜ ಮಂಜ ಕಾಣಾಕತ್ತೈತಿ" ಎನ್ನುತ್ತಿದ್ದಳು. ಬಿ.ಪಿ. ಇನ್ನೂರು ದಾಟಿತ್ತು. ಬೇರೆ ಕಡೆ ಸಾಗಿಸುವ ಸ್ಥಿತಿಯಲ್ಲ. ಇದ್ದ ಮಾತ್ರೆ ಕೊಟ್ಟರು, ಇಳಿಯಲಿಲ್ಲ. ವಾರದ ತಪಾಸಣೆಗೆ ಬಂದಿದ್ದ ಚಂದ್ರಾಮಪ್ಪ ಅಲ್ಲೇ ನಿಂತಿದ್ದ. ಸುವಾರ್ತಾ ಖಾಲಿ ಕಪಾಟು ನೋಡಿದಳು, ಇವನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ತಾನೇ ಜೀಪು ಹತ್ತಿ ತಾಲ್ಲೂಕಿಗೆ ಓಡಿಸಿದ. ಹೋಗಿ ಬರಲು ಒಂದೂವರೆ ಗಂಟೆ. ತಂದದ್ದು ಏನು? ಅದೇ ಬಿಳಿ ಡಬ್ಬಿ! ಇಂಜೆಕ್ಷನ್ ಹೋಯಿತು, ಒತ್ತಡ ಇಳಿಯಿತು. ಶಮೀಮಾ ಉಳಿದಳು. ಕೂಸು ಉಳಿಯಲಿಲ್ಲ.

ದಾದಾಪೀರ ಹೊರಗೆ ಬಂದು ಇವನ ಎರಡೂ ಕೈ ಹಿಡಿದುಕೊಂಡ. "ಸಾವ್ಕಾರ್ರ, ನೀವ ಜೀಪ್ ಹೊಡಕೊಂಡು ಹೋದ್ರಿ. ನಿಮ್ಮಿಂದ ನನ್ನ ಹೇಣ್ತಿ ಉಳದ್ಲು. ಸಾಯೂಮಟ ಮರ್ಯಾಂಗಿಲ್ಲ."

ಆಗ ಇವನು ಏನೆನ್ನಬೇಕಿತ್ತು? ನೀವೇ ಹೇಳಿ. "ಇರ್ಲಿ ಬಿಡಪಾ" ಎಂದ. ಅಷ್ಟೇ. ಸುವಾರ್ತಾ ಬೆನ್ನ ಹಿಂದೆಯೇ ಇದ್ದಾಳೆಂದು ಗೊತ್ತಿದ್ದೂ, ಅಷ್ಟೇ!

ಮನೆಯಲ್ಲಿ ರೊಟ್ಟಿ ಮುರಿಯಲು ಕೈ ಬರಲಿಲ್ಲ. ಮೂರನೆಯ ದಿನ ವೆಲ್ಡಿಂಗ್ ಅಂಗಡಿಗೆ ಹೋಗಿ ನಿಂತ. "ದಾದಾಪೀರ, ಆ ಔಷಧ ಇಲ್ಲೇ ಇತ್ತು. ಅಗ್ಗದ್ದು ಅಂತ ನಾನ ಕಳಸಿದ್ದೆ."

ದಾದಾಪೀರ ಕೈಯಲ್ಲಿದ್ದ ವೆಲ್ಡಿಂಗ್ ಕಡ್ಡಿ ಕೆಳಗಿಟ್ಟ. "ಬರೇ ಡಬ್ಬಿ ನೋಡಿ?" ಎಂದು ಕೇಳಿದ.

"ಹೂಂ."

"ಹೋಗ್ರಿ ಇನ್ನ" ಎಂದು ಬೆನ್ನು ತಿರುಗಿಸಿ ಕೆಲಸಕ್ಕೆ ಕೂತ.

ತಾಯಂದಿರೇ, ಅಣ್ಣಂದಿರೇ, ತಲೆ ತಗ್ಗಿಸಬೇಡಿ, ಕೇಳಿ. ಅಂಗಡಿಯವನು ಅದೇ ಔಷಧಿಯನ್ನು ಬೇರೆ ಡಬ್ಬಿಯಲ್ಲಿ ಕೊಟ್ಟರೆ ಮೂಗು ಮುರಿಯುವವರು ನಾವಲ್ಲವೇ? ನಾನೂ ಮುರಿದಿದ್ದೇನೆ. ಅನುಮಾನವಿದ್ದರೆ ಡಾಕ್ಟರನ್ನು ಕೇಳಿ, ಡಬ್ಬಿಯನ್ನು ಕೇಳಬೇಡಿ. ತಿಳಿದವರು ಹೇಳುವಾಗ, ಬಾಗಿಲ ಮೇಲೆ ನಿಮ್ಮದೇ ಹೆಸರಿದ್ದರೂ, ಬಾಯಿ ಮುಚ್ಚಿ ಕೇಳಿ. ಇನ್ನು, ನೀವು ಕೆಡಿಸಿದ್ದಕ್ಕೆ ಯಾರಾದರೂ ನಿಮಗೇ ಕೈ ಮುಗಿದರೆ, ನೋಡಿ, ಆ ಕ್ಷಣವೇ ನಿಜ ಹೇಳಿ. ಮೂರು ದಿನ ಕಾಯಬೇಡಿ.