ಇಬ್ಬರ ತೂಕ

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಜೀಪಿನ ಸ್ಪ್ರಿಂಗ್ ಬಿಗಿ ಮಾಡಲು ಅವನು ಗ್ಯಾರೇಜಿನಿಂದ ಎರವಲು ತಂದಿದ್ದ ಸ್ಪ್ಯಾನರನ್ನು ವಾಪಸ್ ಕೊಡಲು ಬಂದು ಅವಳು ಅಲ್ಲಿನ ಬೆಂಚಿನ ಮೇಲೆ ಕೂತಿದ್ದಳು. ಎದುರಿಗೆ ಒಬ್ಬ ಗಂಡ, ಹೆಂಡತಿ ತಮ್ಮ ಜೀಪಿಗೆ ಕಾಯಿಲೋವರ್ ಕಿಟ್, ಅಂದರೆ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್ ಜೋಡಿ, ಆರಿಸುತ್ತಿದ್ದರು.

“ಗಟ್ಟಿ ಸ್ಪ್ರಿಂಗೇ ಇರಲಿ. ಕಲ್ಲುದಾರಿ ಅದು.”

“ಕಲ್ಲಿಗೇನೋ ಸರಿ. ನನ್ನ ಸೊಂಟಕ್ಕೆ?”

“ನೀನು ಮನೇಲಿರು.”

“ಹೋದ ಸಲ ಕೆಸರಿಂದ ಗಾಡಿ ತಳ್ಳಿದ್ದು ಯಾರು, ನಿಮ್ಮಮ್ಮನಾ?”

ಮೆಕ್ಯಾನಿಕ್ ಆಕಳಿಸಿದ. “ತೂಕ ನೋಡಿ ಆರಿಸ್ಬೇಕು ಸಾರ್. ಯಾವಾಗ್ಲೂ ಎಷ್ಟು ಜನ ಕೂರ್ತೀರಿ?”

“ಇಬ್ರು,” ಅಂದ ಗಂಡ, ಸೋತವನ ಹಾಗೆ. “ಮೆತ್ತಂದೇ ಹಾಕಪ್ಪ.”

ಅವರಿಬ್ಬರೂ ಹೊರಟರು. ಅವಳು ಎದ್ದು ಸ್ಪ್ಯಾನರನ್ನು ಮೇಜಿನ ಮೇಲಿಟ್ಟಳು.

“ಅಕ್ಕ, ಅಣ್ಣ ನಿಮ್ಮ ಜೀಪನ್ನೂ ಇಬ್ಬರ ತೂಕಕ್ಕೇ ಬಿಗಿ ಮಾಡಿದ್ರು. ಈಗ ಸಡಿಲ ಮಾಡ್ಲಾ?” ಎಂದು ಮೆಕ್ಯಾನಿಕ್ ಕೇಳಿದ.

“ಬೇಡಪ್ಪ. ಹಾಗೇ ಇರಲಿ,” ಎಂದು ಅವಳು ಸ್ಪ್ಯಾನರನ್ನು ಅವನತ್ತ ಸರಿಸಿದಳು.