ಕನ್ನಡಿಯಂಥ ನೂರು ತೆಂಗೆ

ಅಲ್ಮಾಟಿ ನಗರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಮುದುಕ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ.

"ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಮಿಠಾಯಿ ಜೊತೆ ಚಿಲ್ಲರೆ ಎರಚು ಅಂದ್ರೆ, ನನ್ನ ಪ್ರೂಫ್ ನಾಣ್ಯಾನೇ ಎರಚಿದ್ಯಲ್ಲೇ ಕುಲ್ಪಾಶ್!"

"ಅದೂ ನೂರು ತೆಂಗೆ ನಾಣ್ಯ, ಇದೂ ನೂರು ತೆಂಗೆ ನಾಣ್ಯ. ನಂಗೇನ್ರೀ ಗೊತ್ತಾಗುತ್ತೆ?"

"ಸುತ್ತ ಕನ್ನಡಿ ಥರ ಹೊಳಪು, ನಡುವಿನ ಚಿರತೆ ಮಾತ್ರ ಹಿಮ ಬಿದ್ದಂಗೆ ಮಬ್ಬು. ಸಂಗ್ರಹಕ್ಕೇ ಅಂತ ಮಾಡಿದ್ದು, ಬೆರಳೂ ತಾಗಿಸ್ಬಾರ್ದು!"

"ಅದಕ್ಕೇ ಬೀಗಿತ್ತಿ ಅದರಲ್ಲಿ ಹಲ್ಲು ನೋಡ್ಕೊಂಡ್ಲು."

"ವಾಪಸ್ ಕೇಳೇ!"

"ಎರಚಿದ್ದು ಹಿಡಿದವರ ಅದೃಷ್ಟ. ಕೇಳಿದ್ರೆ ಮಾನ ಹೋಗುತ್ತೆ. ಮಗೂಗೆ ದೃಷ್ಟಿಯಾಗ್ದಿರ್ಲಿ ಅಂತ ಟೋಪಿಗೆ ಹೊಲಿದಿದ್ದಾಳಂತೆ."

"ಹೊಲಿದಳಾ? ನಾಣ್ಯಕ್ಕೆ ತೂತೆಲ್ಲಿತ್ತು?"

ಬಸ್ಸು ನಿಂತಿತು. ಅವಳು ಅವನ ತೋಳು ಹಿಡಿದು ಎಬ್ಬಿಸಿದಳು.

"ಇಳೀರಿ, ಬೀಗರ ಮನೆ ಬಂತು. ಮೊನ್ನೆ ನೀವು ಕೊಟ್ಟ ಡ್ರಿಲ್ಲನ್ನಾದ್ರೂ ವಾಪಸ್ ಕೇಳೋಣ."