ಹೊನ್ನವ್ವನ ಮನಿ ಎಲ್ಲಿ

ಸುಳ್ಳು ಹೇಳೂದ್ರಾಗ ಸುತ್ತ ಹತ್ತೂರಾಗ ನಮ್ಮ ಮನೆತನಕ್ಕ ಸರಿಸಾಟಿ ಇಲ್ಲ. ಅದರಾಗ ನಾನ ಹಿರಿಯ! ಆದ್ರ ಇದು ನಮ್ಮ ಕಾಕಾನ ಮಗ ಹೇಮಪ್ಪಗ ಆದದ್ದು... ಇದರಾಗ ಸುಳ್ಳು ಇರೂದು ಒಂದ, ಅದೂ ಅವಂದು.

ಏಕೀಕರಣ ಆದ ಮರುವರ್ಷ. ನರಗುಂದದ ಗುಡ್ಡದ ಬುಡಕ್ಕ, ಮ್ಯಾಲಿನ ಕೋಟೆ ನೋಡಾಕ ಬರೋ ಮಂದಿಗೆ ಮಾಹಿತಿ ಕೊಡಾಕಂತ ಒಂದು ಖೋಲಿ ತೆರೆದಿದ್ರು. ಅಲ್ಲಿ ಕುಂತಾಂವ ಹೇಮಪ್ಪ. ಬುರುಜು, ಬಾಗಿಲಾ ಅಂತ ತೋರಿಸಿದ್ರ ಮಂದಿ ಆಕಳಿಸೋರು. ಅದಕ್ಕ ಅವ ತನ್ನ ತಲಿಯಿಂದ ಒಬ್ಬಾಕಿನ್ನ ಹುಟ್ಟಿಸಿದ. ಹೊನ್ನವ್ವ. ಗುಡ್ಡದ ಮ್ಯಾಲಿನ ಹೊಂಡಕ್ಕ ನೀರಿಗೆ ಹೋದಾಕಿ, ತಿರುಗಿ ಮನಿಗೆ ಬರಲೇ ಇಲ್ಲ... ಮಂದಿ ಕಣ್ಣೀರು ಒರಸ್ಕೊಂಡು ಹೋಗೋರು. ಹೇಮಪ್ಪ ಮೀಸಿ ತಿರುವಾಂವ.

ಒಂದಿನ ದೀಪ ಹಚ್ಚೂ ಹೊತ್ತು. ಖೋಲಿಗೆ ಕೀಲಿ ಹಾಕಿ ತನ್ನ ಊರು ಶಿರೋಳದ ಹಾದಿ ಹಿಡಿದ. ಆಲದ ಮರದ ಬಾಜೂಕ ಬಾವಿ. ಅದರ ರಾಟಿ ಕಿರ್ರ್... ಕಿರ್ರ್... ಅಂತು. ನೋಡಿದ್ರ ರಾಟಿಗೆ ಹಗ್ಗನ ಇಲ್ಲ! ಹಿಂದಿನಿಂದ ತುಳುಕ್... ತುಳುಕ್... ತುಂಬಿದ ಕೊಡದ ಸಪ್ಪಳ.

"ಅಣ್ಣಾರ..."

ತಲಿ ಮ್ಯಾಲ ಸೆರಗು. ಟೊಂಕದ ಮ್ಯಾಲ ಕೊಡ.

"ಬಂದವರಿಗೆಲ್ಲ ದಾರಿ ಹೇಳಾವ್ರು ನೀವ ಅಲ್ರಿ?"

"ಹೌ... ಹೌದವ್ವ."

"ನಮ್ಮ ಮನಿಗೆ ಹ್ಯಾಂಗ ಹೋಗೂದ್ರಿ?"

"ಯಾರ ಪೈಕಿ ತಂಗಿ ನೀ?"

"ಹೊನ್ನವ್ವ ರೀ. ನೀರಿಗೆ ಹೋದದ್ದು ಹೇಳಿದ್ರಿ... ಮನಿ ಎಲ್ಲಿ ಅಂತ ಹೇಳಲೇ ಇಲ್ಲ."

ಹೇಮಪ್ಪ ಒಂದು ಹೆಜ್ಜಿ ಹಿಂದ ಸರಿದ. ಇಷ್ಟು ದಿನದಾಗ ಆಕಿಗೊಂದು ಮನಿ ಕೊಡಬೇಕಂತ ಅವಗ ಹೊಳದಿದ್ದಿಲ್ಲ. ಆಕಿ ಇನ್ನೂ ಹತ್ರ ಬಂದಳು. ತುಳುಕ್...

"ಲಗೂ ಹೇಳ್ರಿ. ಕೊಡ ಭಾರ ಆಗೇತಿ. ಹೇಳೂ ತನಕ ನಿಮ್ಮ ಬೆನ್ನು ಬಿಡಂಗಿಲ್ಲ."

ಬೇಕಾದ ಹೊತ್ತಿನ್ಯಾಗ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ ನೋಡ್ರಿ ನಮ್ಮ ಹುಲಿಗೆ!

"ಶಿರೋಳ... ಊರ ಅಗಸಿ ಬಾಗಿಲಾ ದಾಟಿ ಎಡಕ್ಕ... ಕಟ್ಟಿ ಮುಂದ ಬೇವಿನ ಗಿಡ..."

"ಚಲೋ ಆತ್ರಿ."

ಸಪ್ಪಳ ಅವನ್ನ ದಾಟಿ ಮುಂದ ಹೋತು. ಆಗ ಹೊಳೀತು ಹೇಮಪ್ಪಗ... ತಾ ಹೇಳಿದ್ದು ತನ್ನ ಮನಿ!

ಬಿದ್ದು ಎದ್ದು ಓಡಿದ. ಮನಿ ಮುಟ್ಟಿದ್ರ ಒಳಗ ಪಟ್ ಪಟ್... ಹೆಂಡತಿ ಅಡಿವೆವ್ವ ರೊಟ್ಟಿ ಬಡೀತಿದ್ದಳು.

"ಯಾರರೆ ಬಂದಿದ್ರೇನ?" ಅಂತ ಪಿಸುಗುಟ್ಟಿದ.

"ಮೆತ್ತಗ ಮಾತಾಡ್ರಿ. ನೀವು ದಾರಿ ಹೇಳಿ ಕಳಿಸಿದ ಹೆಣ್ಣಮಗಳು ಈಗರ ಅಡ್ಡಾಗ್ಯಾಳ. ಭಾಳ ದಣದಾಳ, ಪಾಪ."

ಒಳಖೋಲಿಯಾಗ ಯಾರೂ ಇದ್ದಿಲ್ಲ. ಮೂಲ್ಯಾಗ ತುಂಬಿದ ಕೊಡ ಇತ್ತು.

ನಗಬ್ಯಾಡ್ರಿ. ಆ ನೀರು ನಾ ಕುಡದೀನಿ, ಖರೇ ಹೇಳ್ತೀನಿ. ಹೊಂಡದ ಪಾಚಿ ವಾಸನಿ ಐತಿ... ದಿನಾ ಮುಂಜಾನೆ ಆ ಕೊಡ ತಾನ ತುಂಬಿರತೈತಿ. ಅವತ್ತಿಂದ ಅಡಿವೆವ್ವ ನೀರಿಗೆ ಹೋಗಿಲ್ಲ.